ಮಳೆಗೂ ಕರೆಂಟಿಗೂ ನಡುವಿನ ಬಾಣ

ಜವಳಗೇರಾದ ನಮ್ಮ ಅಂಗಳದಲ್ಲಿ ಭತ್ತ ಒಣಹಾಕಿದಾಗಲೆಲ್ಲ, ಮಳೆ ಹನಿದರೆ ಮನೆಮಂದಿ ತಾಡಪತ್ರಿ ಹಿಡಿದು ಓಡುತ್ತಿದ್ದರು. ಎಂ.ಟೆಕ್. ಓದಿದ ಮಗಳಿರುವ ಮನೆಯಲ್ಲಿ ಓಡುವುದೇ? ತಾನೇ ಮುಚ್ಚಿಕೊಳ್ಳುವ ತಾಡಪತ್ರಿಯನ್ನು ವಿನ್ಯಾಸಗೊಳಿಸಲು ನಾನು ತೀರ್ಮಾನಿಸಿದೆ.

ಮೊದಲು ಲ್ಯಾಪ್‌ಟಾಪಿನಲ್ಲಿ ಇಡೀ ವ್ಯವಸ್ಥೆಯ ಮಾದರಿ ಮಾಡಿದೆ. ಮಳೆಗೊಂದು ಚೌಕ, ಹನಿ ಗುರುತಿಸುವ ಸೆನ್ಸರಿಗೊಂದು, ಮೋಟಾರಿಗೊಂದು, ಕರೆಂಟಿಗೊಂದು. ಒಂದರ ಪರಿಣಾಮ ಇನ್ನೊಂದರ ಮೇಲಾಗುವಲ್ಲಿ ಬಾಣ.

"ಮೋಟಾರಿನವ್ರು ಮೋಟಾರ್ ಅಷ್ಟ ನೋಡ್ತಾರ, ವೈರಿನವ್ರು ವೈರ್ ಅಷ್ಟ. ಯಾವ್ದಕ್ಕ ಯಾವ್ದು ಸಂಬಂಧ ಅಂತ ಇದ್ರಾಗ ಮಾತ್ರ ಕಾಣ್ತೈತಿ," ಎಂದು ಅಪ್ಪನಿಗೆ ಉಪನ್ಯಾಸ ಕೊಟ್ಟೆ.

"ಅದೆಲ್ಲ ಇರ್ಲಿ ಬೇ. ನಾಳಿ ಸಂಜಿಕ್ಕ ಮಿಲ್ಲಿನವ್ರು ಬರ್ತಾರ. ನೆಲ್ಲು ಹಸಿ ಇದ್ರ ಒಯ್ಯಂಗಿಲ್ಲ ಅಂದಾರ."

ಮಾದರಿಯಲ್ಲಿ ನೂರಾರು ಸಲ ಮಳೆ ಸುರಿಸಿದ್ದೆ. ಒಂದು ಕಾಳೂ ನೆನೆದಿರಲಿಲ್ಲ! ಬ್ಯಾಟರಿ ಅನಗತ್ಯವೆಂದೂ ಸಾಬೀತಾಗಿತ್ತು. ಅಂದೇ ಮೋಟಾರು, ಸೆನ್ಸರು ಎಲ್ಲವನ್ನೂ ಅಂಗಳದಲ್ಲಿ ಜೋಡಿಸಿದೆ.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಶರಣಮ್ಮ ಕಾಕಿ ಒಗೆದ ಸೀರೆ ಜಾಡಿಸಿದರು. ಹನಿ ಸೆನ್ಸರಿಗೆ ತಾಗಿತು. ಸುಡುಬಿಸಿಲಿನಲ್ಲಿ ತಾಡಪತ್ರಿ ಗಂಭೀರವಾಗಿ ಹೊರಟು, ಭತ್ತವನ್ನೂ ಅದನ್ನು ಕಾಲಿನಿಂದ ಕೆದರುತ್ತಿದ್ದ ಅಪ್ಪನನ್ನೂ ಮುಚ್ಚಿತು.

"ಯವ್ವಾ, ನಿಮ್ಮಪ್ಪನ್ನೂ ಒಣಹಾಕೀಯೇನ?" ಎಂದರು ಕಾಕಿ.

"ಮದ್ಲ ಬಂದ್ ಮಾಡಬೇ ಇದನ್ನ!" ಒಳಗಿನಿಂದ ಅಪ್ಪ.

ನಾನಿದನ್ನು ಸೆನ್ಸರಿನ ಸೂಕ್ಷ್ಮತೆಗೆ ಪುರಾವೆಯೆಂದು ಪರಿಗಣಿಸಿದೆ.

ಮಧ್ಯಾಹ್ನ ಮೋಡ ಕವಿಯಿತು. ಅಪ್ಪ ತಾಡಪತ್ರಿಯತ್ತ ಓಡಿದರು. ನಾನು ಅಡ್ಡ ನಿಂತೆ.

"ಯಾರೂ ಮುಟ್ಟಬ್ಯಾಡ್ರಿ! ತಾನ ಮುಚ್ಕೊಳ್ತೈತಿ!"

ಹನಿ ಬಿತ್ತು. ಸೆನ್ಸರಿನ ಕೆಂಪು ದೀಪ ಹೊತ್ತಿತು. ಮೋಟಾರ್ ಗುರ್ರೆಂದಿತು. ತಾಡಪತ್ರಿ ಒಂದು ಗೇಣು ಸರಿಯಿತು. ಕರೆಂಟ್ ಹೋಯಿತು!

ಕೈಯಿಂದ ಎಳೆಯಲು ಹೋದರೆ ಅಲುಗಲಿಲ್ಲ. ಗಾಳಿಗೆ ಹಾರಬಾರದೆಂದು ನಾನೇ ಹಾಕಿಸಿದ್ದ ಹಲ್ಲುಚಕ್ರ ಅದನ್ನು ಭದ್ರವಾಗಿ ಹಿಡಿದಿತ್ತು.

"ಮಳಿ ಹನೀತಂದ್ರ ಕರೆಂಟ್ ತಗೀತಾರಲ್ಲ, ಗೊತ್ತಿಲ್ಲೇನವಾ ನಿನಗ?" ಎಂದರು ಕಾಕಿ.

ಗೊತ್ತಿತ್ತು. ಹುಟ್ಟಿದಾಗಿನಿಂದ ಗೊತ್ತಿತ್ತು. ಮಾದರಿಯಲ್ಲಿ ಮಳೆಯೂ ಇತ್ತು, ಕರೆಂಟೂ ಇತ್ತು. ನಡುವೆ ಬಾಣ ಇರಲಿಲ್ಲ!

"ಅವೆರಡೂ ಬ್ಯಾರೆ ಬ್ಯಾರೆ ವಿಷಯ, ಕಾಕಿ."

"ಹೌದವಾ. ನಿಮ್ಮ ಕಾಲೇಜಿನ್ಯಾಗ ಇರಬೇಕು."

ಸಂಜೆ ಬಂದ ಮಿಲ್ಲಿನವರು ಭತ್ತದೊಳಗೆ ಕೈಯಿಟ್ಟು, ಒರೆಸಿಕೊಂಡು, ಬೈಕ್ ತಿರುಗಿಸಿದರು. ಮಳೆ ನಿಂತು ಎಳೆಬಿಸಿಲು ಬಂದಿತ್ತು. ನೆನೆದದ್ದನ್ನು ಹರಡಿ ಒಂದಿಷ್ಟಾದರೂ ಆರಿಸೋಣವೆಂದು ಅಪ್ಪ ಬಗ್ಗಿದರು. ಅಷ್ಟರಲ್ಲಿ ಕರೆಂಟ್ ಬಂತು. ಸೆನ್ಸರ್ ಇನ್ನೂ ಒದ್ದೆಯಾಗಿತ್ತು. ತಾಡಪತ್ರಿ ಹೊರಟು, ಹಸಿ ಭತ್ತವನ್ನು ಅಂಚಿನಿಂದ ಅಂಚಿಗೆ ಅಚ್ಚುಕಟ್ಟಾಗಿ ಮುಚ್ಚಿತು.

ಲ್ಯಾಪ್‌ಟಾಪಿನ ತೆರೆಯ ಮೇಲೆ ಹಸಿರು ಅಕ್ಷರಗಳು ಮೂಡಿದವು: 'ಭತ್ತ ಸುರಕ್ಷಿತ.'

ಅಪ್ಪ ಓದಿದರು. ಲ್ಯಾಪ್‌ಟಾಪನ್ನು ನಾನೇ ಮುಚ್ಚಬೇಕಾಯಿತು. ಕೈಯಿಂದ.