ಯಾವ ಸಾಕು?

ನಮ್ಮ ಚಿಕ್ಕಮ್ಮನಿಗೆ ಐದು ಭಾಷೆ ಬರುತ್ತವೆ. ಐದರಲ್ಲೂ ಅವರು ಆಡುವುದು ಒಂದೇ ಪದ. ಸಾಕು.

ಉತ್ಪ್ರೇಕ್ಷೆ ಅಂತೀರಾ? ರಾಜಾಜಿನಗರದ ಅವರ ಮನೆಗೆ ಒಮ್ಮೆ ಬಂದು ನೋಡಿ. ಫ್ಯಾನಿನ ಗಾಳಿಗೂ ಸಾಕು, ಟಿವಿಯ ಸೀರಿಯಲ್ಲಿಗೂ ಸಾಕು, ಪಕ್ಕದ ಮನೆಯಾಕೆ ಮೊಮ್ಮಗನ ಮಾರ್ಕ್ಸ್ ಹೇಳತೊಡಗಿದರೆ ಜೋಡಿ ಸಾಕು. ಬಾಯಿ ತೆರೆದರೆ ಸಾಕು, ಸಾಕು! ಇಲ್ಲಿ ಮೊದಲನೆಯ ಸಾಕು ಯಾವುದು, ಎರಡನೆಯದು ಯಾವುದು ಎಂದು ನನ್ನನ್ನು ಕೇಳಬೇಡಿ. ನಾನು ಕಾನ್ವೆಂಟಿನಲ್ಲಿ ಓದಿದವಳು, ನನ್ನ ಕನ್ನಡ ಗ್ರಾಮರ್ ಅಷ್ಟಕ್ಕಷ್ಟೆ.

ತಮಾಷೆಯೆಂದರೆ, ಬೇರೆಯವರು ಸಾಕು ಅಂದರೆ ಚಿಕ್ಕಮ್ಮ ನಂಬುವುದಿಲ್ಲ. ಮದುವೆಯಾದ ಹೊಸತರಲ್ಲಿ ನಮ್ಮ ಯಜಮಾನರು ಅವರ ಮನೆಯಲ್ಲಿ ಊಟಕ್ಕೆ ಕೂತು, ಹನ್ನೊಂದು ಸಲ ಸಾಕು ಎಂದು ಹನ್ನೊಂದು ಹೋಳಿಗೆ ತಿಂದರು. ನಾನು ಮಾತ್ರ "ನೋ, ಥ್ಯಾಂಕ್ ಯೂ" ಎಂದು ಬಚಾವಾದೆ.

ಇದೆಲ್ಲ ಶುರುವಾದದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಚಿಕ್ಕಮ್ಮ ಅಲ್ಲಿ ಆಪರೇಟರ್. ಟ್ರಂಕ್ ಕಾಲ್‌ಗಳ ಕಾಲ ಅದು. ಮೂರು ನಿಮಿಷವಾದ ಕೂಡಲೇ ಮಧ್ಯೆ ಬಾಯಿ ಹಾಕಿ, "ಮೂರು ನಿಮಿಷ ಆಯ್ತು. ಸಾಕಾ, ಇನ್ನೂ ಬೇಕಾ?" ಎಂದು ಕೇಳುವುದು ಅವರ ಕೆಲಸ. ಆ ಕಡೆ ತಮಿಳರು, ಈ ಕಡೆ ತೆಲುಗರು. ನಮ್ಮ ಸಾಕು ಒಬ್ಬೊಬ್ಬರ ಕಿವಿಯಲ್ಲಿ ಒಂದೊಂದು ವೇಷ ಹಾಕುತ್ತಿತ್ತು. ತಮಿಳಿನಲ್ಲಿ ಸಾಕ್ಕು ಎಂದರೆ ಗೋಣಿಚೀಲವಂತೆ, ನೆಪ ಎಂದೂ ಆಗುತ್ತದಂತೆ. ತೆಲುಗಿನಲ್ಲಿ ಸಾಕು ಅಂದರೂ ನೆಪವೇ. ಅಲ್ಲಿಂದ ಚಿಕ್ಕಮ್ಮನಿಗೆ ಪದಗಳ ಮೂಲ ಹುಡುಕುವ ಹುಚ್ಚು ಹಿಡಿಯಿತು.

"ಇಂಗ್ಲಿಷಿನ ಸ್ಯಾಕ್ ನಮ್ಮದೇ ಕಣೇ," ಅಂದರು ಒಂದು ದಿನ. "ಚೀಲ ತುಂಬಿದ್ಮೇಲೆ ಏನಂತೀವಿ? ಸಾಕು ಅಂತೀವಿ. ಅದನ್ನೇ ಅವರು ಚೀಲದ ಹೆಸರು ಅಂದ್ಕೊಂಡ್ರು."

ನಾನು ಡಿಕ್ಷನರಿ ತೆಗೆದು ತೋರಿಸಿದೆ. ಅದು ಗ್ರೀಕ್, ಹೀಬ್ರೂ ಎಂದೇನೋ ಹೇಳುತ್ತಿತ್ತು.

"ಡಿಕ್ಷನರಿ ಬರೆದೋನು ಯಾವತ್ತಾದ್ರೂ ಚೀಲಕ್ಕೆ ಅಕ್ಕಿ ತುಂಬಿದ್ನಾ?"

ನಾನು ಡಿಕ್ಷನರಿ ಮುಚ್ಚಿಟ್ಟೆ.

ಕಾಮಾಕ್ಷಿಪಾಳ್ಯದಲ್ಲಿ ಅವರ ಟೈಲರ್ ಒಬ್ಬನಿದ್ದ, ತೆಲುಗಿನವನು. ರವಿಕೆ ಕೊಡಲು ಮೂರು ವಾರ ಸತಾಯಿಸಿದ. ಮಿಷನ್ ಕೆಟ್ಟಿತ್ತು, ಹೆಂಡತಿಗೆ ಹುಷಾರಿರಲಿಲ್ಲ ಎಂದು ಶುರುಮಾಡುತ್ತಲೇ ಚಿಕ್ಕಮ್ಮ ಕೈಯೆತ್ತಿ "ಸಾಕು" ಅಂದರು. ಅವನ ಮುಖ ಚಿಕ್ಕದಾಯಿತು. "ಸಾಕು ಅಲ್ಲಮ್ಮಾ, ದೇವರಾಣೆ, ನಿಜವಾಗ್ಲೂ ಮಿಷನ್ ಕೆಟ್ಟಿತ್ತು." ಇವರು ಹೇಳಿದ್ದು ಕನ್ನಡದಲ್ಲಿ, ಅವನು ಕೇಳಿಸಿಕೊಂಡದ್ದು ತೆಲುಗಿನಲ್ಲಿ. ಇಬ್ಬರೂ ಸರಿಯೇ! ರವಿಕೆ ಮರುದಿನ ಬಂತು, ತೋಳು ಮಾತ್ರ ಬಿಗಿಯಾಗಿತ್ತು.

ಈಗ ಚಿಕ್ಕಮ್ಮನಿಗೆ ತೊಂಬತ್ತು. ಸೊಂಟ ಮುರಿದು ಮಲಗಿದ್ದಾರೆ. ನೋಡಿಕೊಳ್ಳಲು ಉತ್ತರ ಭಾರತದ ಕಡೆಯ ಹುಡುಗಿಯೊಬ್ಬಳು ಬಂದಳು. ಮೊದಲ ದಿನವೇ ನನಗೆ ಹಿಂದಿಯಲ್ಲಿ ಫೋನು. "ಆಂಟಿ, ಬೇಗ ಬನ್ನಿ, ಅಜ್ಜಿ ಚಾಕು ಚಾಕು ಅಂತಿದಾರೆ." ಬಸವೇಶ್ವರನಗರದಿಂದ ಆಟೋ ಹಿಡಿದು ಓಡಿದೆ. ಅಡುಗೆಮನೆಯ ಚಾಕು, ಈಳಿಗೆ, ಕೊನೆಗೆ ತುರಿಯುವ ಮಣೆಯನ್ನೂ ಅವಳು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು. ಪಾಪ, ಚಿಕ್ಕಮ್ಮ ಹೇಳಿದ್ದು ಇಷ್ಟೇ: ಮುಖಕ್ಕೆ ಪೌಡರ್ ಹಾಕಿದ್ದು ಸಾಕು.

ಇಷ್ಟೆಲ್ಲ ನಗುತ್ತೇನಲ್ಲ, ಒಂದು ಸಾಕು ಮಾತ್ರ ನನಗೆ ಅರುವತ್ತಾರು ವರ್ಷದಿಂದ ನಗು ತರಿಸಿಲ್ಲ.

ನನಗೆ ಐದು ವರ್ಷವಿದ್ದಾಗ ಅಮ್ಮ ತೀರಿಕೊಂಡರು. ಅಪ್ಪ ಇನ್ನೊಂದು ಮದುವೆಯಾಗಿ ದಾವಣಗೆರೆ ಸೇರಿದರು. ಮದುವೆಯಾಗದ ಚಿಕ್ಕಮ್ಮ ನನ್ನನ್ನು ಬಿನ್ನಿಪೇಟೆಯ ತಮ್ಮ ಬಾಡಿಗೆ ಮನೆಗೆ ಕರೆತಂದರು. ಮರುವರ್ಷ ಅವರನ್ನು ನೋಡಲು ಗಂಡಿನ ಕಡೆಯವರು ಬಂದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ಬಾಯಿತುಂಬ ಚಕ್ಕುಲಿ ತುಂಬಿಕೊಂಡು ನಿಂತಿದ್ದೆ. ಕಟಕಟ ಸದ್ದಿನಲ್ಲಿ ಅವರ ಪ್ರಶ್ನೆ ಕೇಳಿಸಲಿಲ್ಲ. ಚಿಕ್ಕಮ್ಮನ ಉತ್ತರದ ಬಾಲವಷ್ಟೇ ಕೇಳಿಸಿತು. "ಈ ಹುಡುಗಿ ಸಾಕು."

ಬಂದವರು ಕಾಫಿಯನ್ನೂ ಕುಡಿಯದೆ ಎದ್ದರು. ಜೂನ್‌ನಲ್ಲಿ ಚಿಕ್ಕಮ್ಮ ನನ್ನನ್ನು ಕಾನ್ವೆಂಟ್ ಬೋರ್ಡಿಂಗಿಗೆ ಸೇರಿಸಿದರು.

ಆರು ವರ್ಷದ ಮಗು ಏನೆಂದು ತಿಳಿಯಬೇಕು? ಡಾರ್ಮಿಟರಿಯ ಹುಡುಗಿಯೊಬ್ಬಳು ಬೇರೆ ಬಿಡಿಸಿ ಹೇಳಿದಳು. "ನೀನು ಸಾಕುಮಗಳು. ಅಂದ್ರೆ ಸಾಕಪ್ಪಾ ಈ ಮಗಳು ಅಂತ." ಪ್ರತಿ ಭಾನುವಾರ ಚಿಕ್ಕಮ್ಮ ಕೋಡುಬಳೆಯ ಡಬ್ಬ ಹಿಡಿದು ಬರುತ್ತಿದ್ದರು. ಅದನ್ನೂ ನಾನು ಸಾಕು ಎಂದೇ ಎಣಿಸಿದೆ, ಆ ಟೈಲರ್‌ನ ಅರ್ಥದಲ್ಲಿ, ಬರೀ ನೆಪ. ಕೇಳಲು ಧೈರ್ಯವಾಗಲಿಲ್ಲ. ಕೇಳಿ, ಅದೇ ಅರ್ಥ ಎಂದುಬಿಟ್ಟರೆ?

ಹೋದ ವಾರ ಚಿಕ್ಕಮ್ಮನನ್ನು ನೋಡಿಕೊಳ್ಳುವ ಹುಡುಗಿ ತಂಗಿಯ ಮದುವೆಗೆಂದು ಊರಿಗೆ ಹೋದಳು, ಅವಳ ಬದಲು ನಾನೇ ಬಂದು ಉಳಿದೆ. ಅವಳನ್ನು ಕಳಿಸಿದ ಏಜೆನ್ಸಿಯಾಕೆ ಬಂದು ಚಿಕ್ಕಮ್ಮನ ಹತ್ತಿರ ಬಾಗಿ ಜೋರಾಗಿ ಹೇಳಿದರು. "ಅಜ್ಜಿ, ಈ ಆಂಟಿಗೂ ಎಪ್ಪತ್ತೆರಡು ಆಯ್ತಂತೆ, ಮಂಡಿನೋವು ಬೇರೆ. ನಾಳೆಯಿಂದ ಇನ್ನೊಬ್ಬಳನ್ನ ಕಳಿಸ್ಲಾ?"

ಚಿಕ್ಕಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡರು. "ಯಾರೂ ಬೇಡ. ನಂಗೆ ಈ ಹುಡುಗಿ ಸಾಕು."

ಅದೇ ಮಾತು, ಅದೇ ದನಿ. ಆಕೆ ಹೋದ ಮೇಲೆ ಗಂಜಿಯ ಬಟ್ಟಲು ಹಿಡಿದು ಕೂತೆ. ಈಗ ಕೇಳದಿದ್ದರೆ ಇನ್ನು ಯಾವಾಗ?

"ಚಿಕ್ಕಮ್ಮ, ಆವತ್ತು ಬಿನ್ನಿಪೇಟೆ ಮನೇಲಿ ಗಂಡಿನ ಕಡೆಯವರಿಗೂ ಇದನ್ನೇ ಅಂದೆಯಲ್ಲ. ಅದು ಯಾವ ಸಾಕು?"

"ಮಗೂನ ಅವಳಪ್ಪನ ಹತ್ರ ಕಳಿಸ್ಬಿಡು, ನಾಳೆ ನಿಂಗೇ ಮಕ್ಕಳಾಗಲ್ವಾ ಅಂದ್ರು. ನಂಗೆ ಈ ಹುಡುಗಿ ಸಾಕು ಅಂದೆ."

"ಮತ್ತೆ ಬೋರ್ಡಿಂಗಿಗೆ ಯಾಕೆ ಹಾಕಿದೆ?"

"ನೈಟ್ ಡ್ಯೂಟಿ ಹಾಕ್ತಿದ್ರು. ನಿನ್ನ ಒಬ್ಬಳನ್ನೇ ಬೀಗ ಹಾಕಿ ಹೋಗ್ಲಾ?" ಆಮೇಲೆ ಮತ್ತೆ ನನ್ನ ಮಣಿಕಟ್ಟು ಹಿಡಿದರು. "ಅಷ್ಟು ದೊಡ್ಡ ಕಾನ್ವೆಂಟಲ್ಲಿ ಇಷ್ಟು ಕನ್ನಡಾನೂ ಕಲಿಸ್ಲಿಲ್ವೇನೇ?"

ಕಲಿಸಲಿಲ್ಲ. ಗಂಜಿ ಕಣ್ಣಿಗೆ ಮಸುಕಾಗಿ ಕಂಡಿತು. ಏನಾದರೂ ಮಾತಾಡಬೇಕಲ್ಲ ಎಂದು, ಚಮಚ ಅವರ ಬಾಯಿಗಿಟ್ಟು, ಎಕ್ಸ್‌ಚೇಂಜಿನ ಅವರದೇ ದನಿಯನ್ನು ಅಣಕಿಸಿದೆ.

"ಮೂರು ನಿಮಿಷ ಆಯ್ತು. ಸಾಕಾ, ಇನ್ನೂ ಬೇಕಾ?"

ಚಿಕ್ಕಮ್ಮ ನಿಧಾನವಾಗಿ ಗುಟುಕರಿಸಿದರು. ಮಣಿಕಟ್ಟು ಬಿಡಲಿಲ್ಲ.

"ಲೈನ್ ಕಟ್ ಮಾಡ್ಬೇಡ ಕಣೇ."