ಒಂದೇ ಓಣಿಗೆ ಎರಡು ವಿದಾಯ

ಊರು ಬಿಡುವುದೆಂದರೆ ಕೆಲವರಿಗೆ ಗಾಬರಿ. ನಾನು ಆ ಪೈಕಿ ಅಲ್ಲ. ಎಲ್ಲವನ್ನೂ ಮೊದಲೇ ಯೋಚಿಸಿ, ಅಳೆದು ತೂಗಿ ಮಾಡುವ ಮನುಷ್ಯ. ಒಮಾನಿನ ಸೂರ್ ಎಂಬ ಸಮುದ್ರದಂಡೆಯ ಊರಲ್ಲಿ, ಮೀನು ಕೆಡದಂತೆ ಇಡುವ ಶೀತಲ ಗೋದಾಮಿನ ಯಂತ್ರಗಳನ್ನು ವರ್ಷಗಟ್ಟಲೆ ರಿಪೇರಿ ಮಾಡಿದವನು ಎರಡು ಪಾಸ್‌ಪೋರ್ಟ್ ಜೋಪಾನ ಮಾಡಲಾರೆನೇ?

ಅಲ್ಲಿನ ಕೆಲಸ ಮುಗಿಸಿ ನಮ್ಮೂರು ಇಂಡಿಗೆ ಹೊರಟಿದ್ದೆವು, ಅಣ್ಣನ ಜೊತೆ ನಿಂಬೆ ತೋಟ ನೋಡಿಕೊಳ್ಳಲಿಕ್ಕೆ. ನನ್ನ ಹೆಂಡತಿ ಶಮಶಾದ್ ಮನೆಯ ಸಾಮಾನನ್ನೆಲ್ಲ ಓಣಿಗೆ ಹಂಚುತ್ತಿದ್ದಳು. ಕುಕ್ಕರು ಕಿರಾಣಿ ಅಂಗಡಿಯ ಮಲಯಾಳಿ ಕೋಯಾನಿಗೆ, ಮಂಚ ದರ್ಜಿಗೆ. ನಾನು ಕುಳಿತಿದ್ದ ಕುರ್ಚಿಯೂ ನಾನು ಚಹಾ ತರಲು ಎದ್ದಾಗ ಹೋಯಿತು! ಅವಳ ದಾನಶೂರತ್ವ ನೋಡಿ ನನಗೆ ದಿಗಿಲಾಯಿತು. ಎರಡೂ ಪಾಸ್‌ಪೋರ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೋಳದ ಹಿಟ್ಟಿನ ಡಬ್ಬಿಯ ತಳದಲ್ಲಿ ಹುಗಿದಿಟ್ಟೆ. ಇಂಡಿಯಿಂದ ತರಿಸಿದ ಆ ಹಿಟ್ಟು ಅವಳ ಜೀವ. ಅದನ್ನಂತೂ ಯಾರಿಗೂ ಕೊಡಲಾರಳು. ಹೊರಡುವಾಗ ತೆಗೆದುಕೊಂಡರಾಯಿತು ಎಂದುಕೊಂಡೆ. ಅವಳಿಗೂ ಹೇಳಲಿಲ್ಲ. ಗುಟ್ಟೆಂದರೆ ಗುಟ್ಟು!

ಹೊರಡುವ ದಿನ ಕೋಯಾನ ಅಂಗಡಿಯ ಮುಂದೆ ಚಾಪೆ ಹಾಸಿದರು. ಹಲ್ವಾ ಬಂತು, ಖರ್ಜೂರ ಬಂತು, ಕಹಿ ಕಾಫಿ ಬಂತು. ಅಂಗಡಿಯವ, ದರ್ಜಿ, ಮೀನುಗಾರರು, ಅವರ ಮನೆಯವರು, ಎಲ್ಲರೂ ಕೆಲಸ ಬಿಟ್ಟು ಬಂದಿದ್ದರು. ಎದುರು ಮನೆಯ ಉಮ್ ಸಲೀಮ್ ಅವರಂತೂ ಶಮಶಾದಳ ಕೈ ಬಿಡಲೇ ಇಲ್ಲ. ಉಮ್ ಸಲೀಮ್ ಎಂದರೆ ಸಲೀಮನ ತಾಯಿ, ಓಣಿಗೇ ಹಿರಿಯರು. ನಾವು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ದಿನಾ ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ಕೂತು ರೊಟ್ಟಿ ಬಡಿಯುವುದನ್ನೂ, ಅದರ ಜೊತೆ ಜೊತೆಗೇ ಇಂಡಿಯ ಮಾತನ್ನೂ ಕಲಿತ ಮಹಾತಾಯಿ.

ನಾನು ಎದ್ದು ನಿಂತು ಭಾಷಣ ಮಾಡಿದೆ. "ಈ ಜನ್ಮದಲ್ಲಿ ಮತ್ತೆ ಭೇಟಿಯಾಗುತ್ತೇವೋ ಇಲ್ಲವೋ!" ಎಂದು ಹಿಂದಿಯಲ್ಲಿ ಗದ್ಗದಿತನಾದೆ. ದರ್ಜಿ ಅತ್ತ. ಕೋಯಾ ಅತ್ತ. ಅವರು ಅತ್ತದ್ದು ನೋಡಿ ನಾನೂ ಅತ್ತೆ. ಆ ಕಣ್ಣೀರಿನ ಹೊಳೆಯಲ್ಲಿ, ನಮ್ಮನ್ನು ಮಸ್ಕತ್ ವಿಮಾನ ನಿಲ್ದಾಣಕ್ಕೆ ಬಿಡಲು ಸಲೀಮ್ ತನ್ನ ಗಾಡಿ ಚಾಲೂ ಮಾಡಿದ.

"ರೀ, ಪಾಸ್‌ಪೋರ್ಟ್ ತಗೊಂಡೀರಿಲ್ಲ?" ಎಂದಳು ಶಮಶಾದ್.

"ನಾ ಏನ್ ಕೂಸ ಏನ? ಭದ್ರ ಇಟ್ಟೇನಿ, ಹತ್ತು ನೀ!"

ಭದ್ರ ಇಟ್ಟದ್ದು ಸುಳ್ಳಲ್ಲ.

ಮಸ್ಕತ್ ಹಾದಿಯ ಪೆಟ್ರೋಲ್ ಪಂಪ್ ದಾಟಿ ಬಹಳ ದೂರ ಬಂದಿದ್ದೆವು. ಶಮಶಾದ್ ಕಣ್ಣೊರೆಸಿಕೊಳ್ಳುತ್ತ, "ಖಾಲಾಗ ಹಿಟ್ಟಿನ ಡಬ್ಬಿ ಕೊಟ್ಟಾಗ ಎಷ್ಟ್ ಖುಷಿ ಆದ್ರು ನೋಡ್ರಿ ಅವ್ರು" ಎಂದಳು.

"ಯಾವ ಡಬ್ಬಿ?"

"ಜ್ವಾಳದ ಹಿಟ್ಟಿಂದು. ಅವ್ರಿಗಿಂತ ಹೆಚ್ಚಿಂದೇನ್ರಿ ಅದು?"

ನಾನು ಬಿಕ್ಕುತ್ತ ಹೇಳಿದ್ದನ್ನು ಕೇಳಿ ಸಲೀಮ್ ಒಂದು ಮಾತೂ ಆಡದೆ ಗಾಡಿ ತಿರುಗಿಸಿದ. ಎಂಥ ಸಭ್ಯ ಮನುಷ್ಯ! ಶಮಶಾದ್ ಅಷ್ಟು ಸಭ್ಯಳಾಗಿರಲಿಲ್ಲ.

ತಾಯಿಗೆ ಅವನು ಮಾಡಿದ ಫೋನ್ ಬರೀ ರಿಂಗಾಗುತ್ತಿತ್ತು, ಯಾರೂ ಎತ್ತಲಿಲ್ಲ. ನಡುದಾರಿಯಲ್ಲಿ ಎದುರಿನಿಂದ ಒಂದು ಬಿಳಿ ಕಾರು ಹಾರನ್ ಹೊಡೆಯುತ್ತ ಬಿರುಗಾಳಿಯಂತೆ ಹಾದುಹೋಯಿತು.

"ಏನ್ ಅವಸರ ಈ ಮಂದಿಗೆ! ಒಂದು ಶಿಸ್ತಿಲ್ಲ, ಏನಿಲ್ಲ" ಎಂದೆ.

ಓಣಿಗೆ ಬಂದರೆ ಜನ ಇನ್ನೂ ಚಾಪೆಯ ಮೇಲೇ ಇದ್ದರು, ನನ್ನ ಗುಣಗಾನ ಮಾಡುತ್ತ. ಗಾಡಿಯಿಂದ ಇಳಿದ ನನ್ನನ್ನು ನೋಡಿ ಕೋಯಾ ಕೈಯಲ್ಲಿದ್ದ ಹಲ್ವಾ ಕೆಳಗಿಟ್ಟ. "ಈ ಜನ್ಮ ಇಷ್ಟು ಬೇಗ ಮುಗಿಯಿತೇ?"

ವಿಷಯ ತಿಳಿದದ್ದು ಆಗ. ರೊಟ್ಟಿ ಮಾಡಲು ಡಬ್ಬಿಗೆ ಕೈ ಹಾಕಿದ ಖಾಲಾ ಪಾಸ್‌ಪೋರ್ಟ್ ಕಂಡದ್ದೇ ತಡ, ಫೋನನ್ನೂ ಮರೆತು, ಮಗಳ ಕಾರು ತೆಗೆದುಕೊಂಡು ನಮ್ಮ ಬೆನ್ನು ಹತ್ತಿದ್ದರು. ಮಗಳ ಕಾರು ಯಾವ ಬಣ್ಣದ್ದು ಎಂದು ನಾನು ಕೇಳಲಿಲ್ಲ. ಶಮಶಾದ್ ಕೇಳಿದಳು!

ಕೋಯಾ ಅಂಗಡಿಯ ಶಟರ್ ಎಳೆದ. ದರ್ಜಿ ಕೊರಳಿನ ಟೇಪಿನ ಸಮೇತ ಗಾಡಿ ಹತ್ತಿದ. ಉಳಿದವರು ಸಿಕ್ಕ ಸಿಕ್ಕ ವಾಹನದಲ್ಲಿ. ಇಡೀ ಓಣಿ ನನ್ನ ದಡ್ಡತನದ ದಿಬ್ಬಣದಂತೆ ಹೊರಟಿತು.

ಅದೇ ಪೆಟ್ರೋಲ್ ಪಂಪಿನ ಮುಂದೆ ಖಾಲಾ ನಿಂತಿದ್ದರು. ಎದುರು ಬಂದ ನಮ್ಮ ಗಾಡಿಯ ಗುರುತು ಹಿಡಿದೇ ಹಾರನ್ ಹೊಡೆದಿದ್ದರಂತೆ. ನಾವು ಹೇಗೂ ಅದೇ ದಾರಿಯಲ್ಲಿ ತಿರುಗಿ ಬರಲೇಬೇಕಲ್ಲ ಎಂದು ಅಲ್ಲೇ ಕಾದಿದ್ದರು. ಮೊಣಕೈವರೆಗೂ ಹಿಟ್ಟು. ಎದೆಗವಚಿಕೊಂಡ ಪ್ಲಾಸ್ಟಿಕ್ ಚೀಲ. ನನ್ನನ್ನು ಕಂಡದ್ದೇ, ಇಂಡಿ ಸಂತೆಗೂ ಕೇಳಿಸುವಂಥ ದನಿಯಲ್ಲಿ ಶುರುಮಾಡಿದರು.

"ಹಿಟ್ಟಿನ್ಯಾಗ ಯಾರರ ಪಾಸ್‌ಪೋರ್ಟ್ ಇಡ್ತಾರೇನ್ರಿ? ಖಬರ್ ಐತಿಲ್ಲ ನಿಮಗ? ನಾ ಬೇಯ್ಸಿ ತಿಂದಿದ್ರ ಏನ್ ಮಾಡ್ತಿದ್ರಿ?"

ಬೈಗುಳ ಮುಗಿಯುವ ಹೊತ್ತಿಗೆ ಅವರ ದನಿ ಒಡೆಯಿತು. ಶಮಶಾದಳನ್ನು ಅಪ್ಪಿಕೊಂಡು, "ಪಾಸ್‌ಪೋರ್ಟ್ ಸಿಗಲಿಲ್ಲ ಅಂದಿದ್ರ ನಮ್ಮ ಮನ್ಯಾಗ ಇರ್ತಿದ್ರಿ. ಛಲೋ ಆಗ್ತಿತ್ತು. ಖರೇ ಹೇಳ್ಬೇಕಂದ್ರ ಒಂದ್ ಗಳಿಗಿ ಹಂಗ ಅನಿಸ್ತು" ಎಂದರು. ಹಾಗನಿಸಿದರೂ ಕಾರು ಓಡಿಸಿಕೊಂಡು ಬಂದಿದ್ದರು. ಶಮಶಾದಳ ಕರಿ ಬುರ್ಖಾದ ಬೆನ್ನ ಮೇಲೆ ಹಿಟ್ಟಿನ ಎರಡು ಅಂಗೈ ಮೂಡಿದವು. ಅವಳು ಝಾಡಿಸಲಿಲ್ಲ. ವಿಮಾನದಲ್ಲೂ ಹಾಗೇ ಕೂತಳು.

ನನಗೂ ಎದೆ ತುಂಬಿ ಬಂತು. ಗಂಟಲು ಸರಿಮಾಡಿಕೊಂಡು, "ಬಂಧುಗಳೇ..." ಎಂದೆ.

"ಭಾಷಣ ಆಗಿದೆ!" ಎಂದ ಕೋಯಾ, ನನ್ನನ್ನು ಗಾಡಿಯೊಳಗೆ ತಳ್ಳಿ ಬಾಗಿಲು ಹಾಕಿದ. ಸಲೀಮ್ ನನ್ನ ಸ್ವಭಾವ ಬಲ್ಲವನು, ಬಹಳ ಮುಂಚಿತವಾಗಿಯೇ ಹೊರಡಿಸಿದ್ದ. ಹಾಗಾಗಿ ವಿಮಾನ ಸಿಕ್ಕಿತು.

ಈಗ ಇಂಡಿಯಲ್ಲಿದ್ದೇವೆ. ಖಾಲಾ ಆಗಾಗ ಫೋನ್ ಮಾಡುತ್ತಾರೆ. ಮೊನ್ನೆ ಸಿಂದಗಿಯಿಂದ ಬಂದಿದ್ದ ನನ್ನ ಭಾವ ಆ ದನಿ ಕೇಳಿ, "ಯಾರಿವ್ರು, ನಮ್ಮ ಬಾಗೇವಾಡಿ ಕಡೆಯವ್ರೇನ?" ಎಂದು ಕೇಳಿದ. ಅರಬ್ಬಿ ತಾಯಿ ಎಂದರೆ ನಂಬಲೊಲ್ಲ.

"ನಮ್ಮ ಮಾತ ಇಷ್ಟ್ ಛಂದ ಕಲ್ತಾರಲ್ಲ ಅವ್ರು! ಅಷ್ಟ್ ವರ್ಷದಾಗ ನೀ ಅವರದೇನ್ ಕಲ್ತಿ?" ಎಂದ.

ಬಹಳ ಯೋಚಿಸಿದೆ. ಅರಬ್ಬಿಯಲ್ಲಿ ನನಗೆ ತಡವರಿಸದೆ ಬರುವುದು ಒಂದೇ ವಾಕ್ಯ: "ನಾಳೆ ರಿಪೇರಿ ಆಗುತ್ತದೆ."

ಅದೂ ಸುಳ್ಳು!