ಮಾವನ ಚಿತ್ರಕ್ಕೆ ಸಿಕ್ಕ ಎತ್ತರದ ಸ್ಥಾನ

ಮೂರು ತಿಂಗಳು ಮೊಬೈಲಿನಲ್ಲಿ ವಿಡಿಯೋ ನೋಡಿ ಚಿತ್ರಕಲೆ ಕಲಿತ ಮೇಲೆ ನಾನೊಂದು ಘೋಷಣೆ ಹೊರಡಿಸಿದೆ. ಇನ್ನು ಮುಂದೆ ನಮ್ಮ ಮನೆಯಿಂದ ಯಾರಿಗೂ ಅಂಗಡಿಯ ಉಡುಗೊರೆ ಹೋಗದು. ಎಲ್ಲವೂ ನಾನೇ ಕೈಯಾರೆ ಬರೆದದ್ದು!

ಮೊದಲ ಫಲಾನುಭವಿ ಬ್ರಹ್ಮಾವರದ ಸೋದರಮಾವ. ಅವರಿಗೆ ಎಪ್ಪತ್ತು ತುಂಬುವ ದಿನಕ್ಕೆಂದು ಅವರದೇ ಮುಖ ಬರೆದೆ. ಮೂಗು ಸ್ವಲ್ಪ ಎಡಕ್ಕೆ ಹೋಯಿತು. ಅದನ್ನು ಮರೆಸಲು ಮೀಸೆ ದೊಡ್ಡದು ಮಾಡಿದೆ. ಮೀಸೆಗೆ ಹೊಂದಲೆಂದು ಕಣ್ಣನ್ನೂ ಹಿಗ್ಗಿಸಿದೆ. ಕೆನ್ನೆಯ ಕೆಂಪು ಒಣಗಿದ ಮೇಲೆ ಇನ್ನಷ್ಟು ಕೆಂಪಾಯಿತು.

"ಇದ್ ಯಾರ್?" ಎಂದರು ನಮ್ಮ ಮನೆಯವರು.

"ಮಾವ!"

ಅವರು ಚಿತ್ರವನ್ನು ದೂರ ಹಿಡಿದು ನೋಡಿದರು. "ಸಿಟ್ಟ್ ಬಂದಾಗ ಬರ್ದದ್ದಾ?"

ಕಲೆ ತಿಳಿಯದವರ ಜೊತೆ ವಾದವೇಕೆ? ಬಣ್ಣದ ಕಾಗದ ಸುತ್ತಿ ಕುಂದಾಪುರದಲ್ಲಿ ಬಸ್ಸು ಹತ್ತಿದೆ.

ಮಾವ ಜಗಲಿಯಲ್ಲಿ ನೆಂಟರ ಜೊತೆ ಕೂತಿದ್ದರು. ನಾನು ಅಡುಗೆಮನೆಗೆ ಹೋಗಿ ಮೊದಲು ಅತ್ತೆಗೆ ತೋರಿಸಿದೆ. ಅವರ ಸೊಂಟದಲ್ಲಿದ್ದ ಪುಟ್ಟ ಮೊಮ್ಮಗಳು ಕಿಟಾರನೆ ಕಿರುಚಿದಳು!

"ಹೆಣ್ಣೆ, ಇದನ್ ಅವ್ರಿಗ್ ತೋರ್ಸ್‌ಬೇಡ," ಅತ್ತೆ ಪಿಸುಗುಟ್ಟಿದರು. "ಬಿ.ಪಿ. ಇತ್ತ್ ಅವ್ರಿಗೆ."

ಬೀರುವಿನಿಂದ ಮಾವನದೇ ಒಂದು ಹೊಸ ಪಂಚೆ ತೆಗೆದು ನನ್ನ ಕೈಗೆ ತುರುಕಿದರು. ಅವರ ಪಂಚೆಯನ್ನು ಅವರಿಗೇ ಕೊಟ್ಟು ಕಾಲಿಗೆ ಬಿದ್ದೆ. "ನಂಗ್ ಬೇಕಾದ್ದೇ ನೀನ್ ತಂದಿದ್ದೆ ಕಾಣ್!" ಎಂದು ಮಾವ ಹರಸಿದರು.

ಆದರೂ ಕಲೆ ವ್ಯರ್ಥವಾಗಬಾರದಲ್ಲ? ಬಸ್ರೂರಿನಲ್ಲಿ ಶಾಲಾ ಮಕ್ಕಳ ಸಹಾಯಕ್ಕಾಗಿ ಕರಕುಶಲ ವಸ್ತುಗಳ ಮಾರಾಟವಿತ್ತು. ಚಿತ್ರವನ್ನು ದಾನ ಮಾಡಿ, ಪಕ್ಕದಲ್ಲೇ ಕುರ್ಚಿ ಹಾಕಿ ಕೂತೆ. ಬಂದವರೆಲ್ಲ ಅದರೆದುರು ಹೆಜ್ಜೆ ಚುರುಕು ಮಾಡಿದರು. ಸಂಜೆ ಹೊತ್ತಿಗೆ ಒಬ್ಬರು ನಿಂತರು. ತಲೆದೂಗಿದರು. ಕೊಂಡೇಬಿಟ್ಟರು!

"ಹಾಲ್‌ನ ಗೋಡೆಗೆ ಹಾಕುತ್ತೀರಾ?" ನಾನು ಕುರ್ಚಿಯಿಂದ ಎದ್ದೇ ಕೇಳಿದೆ.

"ಇಲ್ಲ ಅಕ್ಕ. ತೆಕ್ಕಟ್ಟೆ ಹತ್ರ ಹೈವೇ ಬದಿಗೆ ನಮ್ ಹೊಸ ಮನಿ ಕೆಲ್ಸ ಆತಾ ಇತ್ತ್. ಮೇಲಿಂದ ತೂಗ್ ಹಾಕುಕೆ. ಕಣ್ಣ್ ತಾಗ್ಬಾರ್ದ್ ಅಲ್ದಾ!"

ವಾರದೊಳಗೆ ಮಾವನ ಫೋನು ಬಂತು. ಕುಂದಾಪುರಕ್ಕೆ ಬಸ್ಸಿನಲ್ಲಿ ಬರುವಾಗ ಕಿಟಕಿಯಿಂದ ಆ ಚಿತ್ರವನ್ನು ಕಂಡರಂತೆ! ಕ್ಷಮೆ ಕೇಳಲು ಬಾಯಿ ತೆರೆದೆ.

"ಹ್ವಾಯ್, ನೀನ್ ಚಿತ್ರ ಬರಿತೆ ಅಂದೇಳಿ ಅತ್ತೆ ಹೇಳ್ರ್. ತೆಕ್ಕಟ್ಟೆ ಹತ್ರ ಒಂದ್ ಮನಿ ಎದ್ರಿಗೆ ರಾಕ್ಷಸನ್ ಚಿತ್ರ ಕಟ್ಟಿರ್ ಕಾಣ್. ಎಂತಾ ಜೀವಕಳೆ ಮಾರಾಯ್ತಿ! ಅದನ್ನ್ ಬರ್ದವ್ರ್ ಯಾರಂದ್ ಕೇಂಡ್, ಅವ್ರ ಹತ್ರ ಹೋಯ್ ಸಮಾ ಕಲಿ!"

"ಆಯ್ತ್ ಮಾವ," ಎಂದೆ.

ಗುರುವನ್ನು ಹುಡುಕುವ ಕಷ್ಟವೇನೂ ನನಗಿರಲಿಲ್ಲ. ಕಲಿಸುವಷ್ಟು ವಿದ್ಯೆ ಆಕೆಯ ಹತ್ತಿರ ಇರಲಿಲ್ಲ, ಅಷ್ಟೆ!